ಬೀಚ್‌ನಲ್ಲಿ ಸರ್ಪ್ರೈಸ್ ಪ್ರಪೋಸಲ್ ಪ್ಯಾಕೇಜ್ ಬುಕ್ ಮಾಡುವವರು ದಯವಿಟ್ಟು ಇದನ್ನು ಓದಿ

ಕಾಪು, ಮಲ್ಪೆ, ಗೋಕರ್ಣ ಕಡೆ ಬೀಚ್‌ನಲ್ಲಿ ಪ್ರಪೋಸಲ್ ಮಾಡಿಸಿಕೊಡುತ್ತೇವೆ ಅಂತ ಇನ್‌ಸ್ಟಾಗ್ರಾಂನಲ್ಲಿ ಪ್ಯಾಕೇಜ್ ಮಾರುವವರು ಈಗ ತುಂಬಾ ಜನ ಇದ್ದಾರೆ. ಎಲ್ಲರೂ ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ಆದರೆ ನನಗೆ ಸಿಕ್ಕವನು ಮೋಸಗಾರ. 18,000 ರೂಪಾಯಿ ಮೊದಲೇ ತೆಗೆದುಕೊಂಡ, ಸ್ಥಳದಲ್ಲಿ ಇನ್ನೂ 4,000 ಕಿತ್ತ. ದುಡ್ಡು ಹೋದರೆ ದುಡಿಯಬಹುದು, ಆ ಸಂಜೆ ಮತ್ತೆ ಬರುವುದಿಲ್ಲ. ಬರೆಯಲು ನಾಚಿಕೆ ಆಗುತ್ತಿದೆ, ಆದರೂ ಬರೆಯುತ್ತಿದ್ದೇನೆ.

ಪ್ಯಾಕೇಜ್‌ನಲ್ಲಿ ಏನೇನಿತ್ತು ಅಂದರೆ, ಬಿಳಿ ಪರದೆಯ ಮಂಟಪ, ಆಳೆತ್ತರದ ಎಲ್‌ಇಡಿ ಅಕ್ಷರಗಳಲ್ಲಿ 'ಮ್ಯಾರಿ ಮಿ', ಗುಲಾಬಿ ದಳದ ದಾರಿ, ಮೇಣದಬತ್ತಿ, ಗಿಟಾರ್ ನುಡಿಸುವವನು, ಫೋಟೋಗ್ರಾಫರ್, ಕೇಕ್. ಎಲ್ಲವೂ ಸೂರ್ಯ ಮುಳುಗುವ ಹೊತ್ತಿಗೆ ಸರಿಯಾಗಿ. ಸಾಮಾನ್ಯವಾಗಿ ಇಂಥವರು ಅರ್ಧ ಅಡ್ವಾನ್ಸ್ ಕೇಳುತ್ತಾರೆ, ಉಳಿದದ್ದು ಕೆಲಸ ಮುಗಿದ ಮೇಲೆ. ಇವನು ಪೂರ್ತಿ ಕೇಳಿದ. "ಡಿಸೆಂಬರ್ ಸೀಸನ್ ಸರ್, ಫುಲ್ ಪೇಮೆಂಟ್ ಬಂದ್ರೆ ಮಾತ್ರ ಡೇಟ್ ಬ್ಲಾಕ್." ಕಳಿಸಿದೆ. ಮಾತು ಅಷ್ಟು ಚೆನ್ನಾಗಿತ್ತು, ಫೋಟೋಗಳು ಅದಕ್ಕಿಂತ ಚೆನ್ನಾಗಿದ್ದವು.

ಕಾಪುವನ್ನು ಆರಿಸಿದ್ದು ನನ್ನ ಹುಡುಗಿಗೋಸ್ಕರ. ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ಆ ಲೈಟ್‌ಹೌಸ್ ನೋಡಬೇಕು ಅಂತ ಅವಳಿಗೆ ಚಿಕ್ಕಂದಿನ ಆಸೆ. ಶಿವಮೊಗ್ಗದಿಂದ ಆಗುಂಬೆ ಘಾಟಿ ಇಳಿದು ಹೋದೆವು. ಅವಳಿಗೆ ಏನೂ ಗೊತ್ತಿಲ್ಲ. ಐದೂವರೆಗೆ ಬೀಚ್‌ಗೆ ಬಂದರೆ ಮಂಟಪವೂ ಇಲ್ಲ, ಮನುಷ್ಯರೂ ಇಲ್ಲ. ಫೋನ್ ಮಾಡಿದರೆ "ಆನ್ ದ ವೇ ಸರ್, 10 ನಿಮಿಷ." ಇನ್ನೊಮ್ಮೆ ಮಾಡಿದರೆ ಅದೇ 10 ನಿಮಿಷ. ಡಿಸೆಂಬರ್‌ನಲ್ಲಿ ಅಲ್ಲಿ ಆರೂಕಾಲರೊಳಗೆ ಸೂರ್ಯ ಮುಳುಗಿಬಿಡುತ್ತಾನೆ. ಮುಳುಗಿಯೇ ಬಿಟ್ಟ. "ಕತ್ತಲಾಯ್ತಲ್ಲೋ, ಇನ್ನೂ ಯಾಕೆ ಇಲ್ಲೇ ನಿಂತಿದ್ದೀವಿ?" ಅಂತ ಅವಳು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಒಂದು ಓಮ್ನಿ ಬಂತು. ಇಬ್ಬರು ಹುಡುಗರು ಇಳಿದರು. ಗಿಟಾರ್ ಇಲ್ಲ, ಕ್ಯಾಮೆರಾ ಇಲ್ಲ. ನೀರಿನ ಪಕ್ಕದಲ್ಲೇ ನಾಲ್ಕು ಪೈಪ್ ನೆಟ್ಟು ಪರದೆ ಕಟ್ಟಿದರು. ಅವಳಿಗೆ ಆಗಲೇ ಏನೋ ಅನುಮಾನ ಬಂದು ಸ್ವಲ್ಪ ದೂರ ಸರಿದು, ಶಾಲು ಹೊದ್ದು ನಿಂತಿದ್ದಳು. ಆಗ ಆ ಹುಡುಗ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಸರ್, ಬೀಚ್ ಪರ್ಮಿಷನ್‌ದು 4,000 ಉಂಟು. ಅದು ಕೊಡದೆ ಲೈಟ್ ಹಾಕ್ಲಿಕ್ಕೆ ಆಗುದಿಲ್ಲ."

ಪರ್ಮಿಷನ್ ಪ್ಯಾಕೇಜ್‌ನಲ್ಲೇ ಇದೆ ಅಂತ ಮೆಸೇಜ್ ತೋರಿಸಿದೆ. "ಎಂತ ಮಾಡುದು ಸರ್, ಓನರ್ ಹೇಳಿದ್ದು." ರಸೀದಿ ಕೇಳಿದೆ. ಇಲ್ಲ. ಓನರ್‌ಗೆ ಫೋನ್ ಮಾಡಿದೆ. ಅವನು ಹೇಳಿದ ಮಾತು ಇನ್ನೂ ಕಿವಿಯಲ್ಲೇ ಇದೆ:

"ಸರ್, ಮೇಡಂ ಮುಂದೆ ಯಾಕೆ ಜಗಳ? ಲೈಫಲ್ಲಿ ಒಂದೇ ಸಲ ಅಲ್ವಾ? ನಾಲ್ಕು ಸಾವಿರಕ್ಕೆ ನೋಡ್ತೀರಾ?"

ಆ ಕ್ಷಣಕ್ಕೆ ಎಲ್ಲ ಅರ್ಥವಾಯಿತು. ಇದು ತಡವಾದದ್ದಲ್ಲ, ಮರೆತದ್ದೂ ಅಲ್ಲ. ಅವನಿಗೆ ಚೆನ್ನಾಗಿ ಗೊತ್ತು, ಜೇಬಿನಲ್ಲಿ ಉಂಗುರ ಇಟ್ಟುಕೊಂಡು ನಿಂತವನು ದನಿ ಏರಿಸುವುದಿಲ್ಲ ಅಂತ. ಹುಡುಗಿ ನೋಡುತ್ತಿರುವಾಗ ಯಾರೂ ಚೌಕಾಸಿ ಮಾಡುವುದಿಲ್ಲ ಅಂತ. ಅವನ ವ್ಯಾಪಾರ ನಿಂತಿರುವುದೇ ಅದರ ಮೇಲೆ. ಹುಡುಗನ ಮೊಬೈಲ್‌ನಲ್ಲಿ ಕ್ಯೂಆರ್ ಕೋಡ್ ಮೊದಲೇ ತೆರೆದು ರೆಡಿ ಇತ್ತು. ಸ್ಕ್ಯಾನ್ ಮಾಡಿದರೆ ಬಂದದ್ದು ಯಾವ ಪಂಚಾಯಿತಿ, ಇಲಾಖೆಯ ಹೆಸರೂ ಅಲ್ಲ, ಯಾರೋ ಒಬ್ಬನ ಸ್ವಂತ ಹೆಸರು. ಕೊಟ್ಟೆ. ಹಲ್ಲು ಕಚ್ಚಿ ಕೊಟ್ಟೆ.

ಲೈಟ್ ಹಾಕಿದರು. ಏಳು ಅಕ್ಷರಗಳಲ್ಲಿ ಒಂದು ಹತ್ತಲೇ ಇಲ್ಲ. ಹುಡುಗ ಅದಕ್ಕೆ ಕೈಯಿಂದ ಎರಡು ಸಲ ಬಡಿದು ಬಿಟ್ಟುಬಿಟ್ಟ. ಗುಲಾಬಿ ಅಂದದ್ದು ಚೆಂಡು ಹೂವು, ಅದೂ ಬಾಡಿದ್ದು. ಹಾರ್ಟ್ ಬೋರ್ಡ್ ಮೇಲೆ ಹಿಂದಿನ ಯಾರದೋ ಹೆಸರಿನ ಸ್ಟಿಕ್ಕರ್ ಅರ್ಧ ಕಿತ್ತ ಗುರುತು ಹಾಗೇ ಇತ್ತು. ಸಮುದ್ರ ಏರುತ್ತಿತ್ತು. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಕಡಲ ತೀರದಲ್ಲಿ ದಿನಾ ಕೆಲಸ ಮಾಡುವವರಿಗೆ ಇದು ಗೊತ್ತಿರಲ್ವಾ? ಒಂದೇ ಅಲೆಗೆ ಮುಂದಿನ ಸಾಲಿನ ಮೇಣದಬತ್ತಿಗಳು ಹೋದವು. ಸುತ್ತ ಜನ ಮೊಬೈಲ್ ಹಿಡಿದು ನಿಂತರು. ನಾನು ಮಂಡಿಯೂರಿ ಕೂತು, ಎಷ್ಟೋ ದಿನದಿಂದ ಮನಸ್ಸಲ್ಲಿ ಕಟ್ಟಿಕೊಂಡಿದ್ದ ಮಾತು ಹೇಳಿ ಮುಗಿಸುವಷ್ಟರಲ್ಲಿ ಆ ಹುಡುಗ:

"ಸರ್, ಇನ್ನೊಂದು ಸಲ ಮಾಡಿ, ವಿಡಿಯೋ ಆನ್ ಆಗ್ಲಿಲ್ಲ."

ಅವಳು ಒಪ್ಪಿದಳು. ಅದು ಅವಳ ದೊಡ್ಡತನ. ಆದರೆ ಅವಳ ಕಣ್ಣಲ್ಲಿ ನೀರು ಬಂದದ್ದು ಖುಷಿಗೋ, ಅಷ್ಟು ಜನರ ಮುಂದೆ ಆದ ಮುಜುಗರಕ್ಕೋ, ನಾನು ಇವತ್ತಿಗೂ ಕೇಳಿಲ್ಲ.

ಮರುದಿನ ಅವನಿಗೆ ಎಲ್ಲವನ್ನೂ ಬರೆದು ಅರ್ಧ ಹಣ ವಾಪಸ್ ಕೇಳಿದೆ. ಉತ್ತರಗಳನ್ನು ನೀವೇ ನೋಡಿ. "ಗಾಳಿ, ನೀರು ನಮ್ಮ ಕೈಲಿ ಇಲ್ಲ ಸರ್." "ಆ ಹುಡುಗರು ನಮ್ಮವರಲ್ಲ, ಬೇರೆ ವೆಂಡರ್." ಗಿಟಾರ್‌ನವನ ಬಗ್ಗೆ ಕೇಳಿದರೆ "ಅವರಿಗೆ ಜ್ವರ." ಕೊನೆಗೆ: "ಮೇಡಂ ಯೆಸ್ ಅಂದ್ರಲ್ವಾ ಸರ್? ರಿಸಲ್ಟ್ ಬಂತಲ್ಲ? ಮತ್ತೆ ಯಾಕೆ ರಿಫಂಡ್?"

ಯೆಸ್ ಅಂದರಲ್ವಾ ಅಂತೆ. ಅವಳು ಒಪ್ಪಿದ್ದಕ್ಕೂ ಇವನ ಬಾಡಿದ ಹೂವಿಗೂ ಏನು ಸಂಬಂಧ? ಹೀಗೆ ಕೇಳಿದ್ದಕ್ಕೆ ನನ್ನನ್ನು ಬ್ಲಾಕ್ ಮಾಡಿದ.

ಅಷ್ಟಕ್ಕೇ ನಿಂತಿದ್ದರೆ ಬಹುಶಃ ಸುಮ್ನೆ ಇರುತ್ತಿದ್ದೆನೇನೋ. ನಾವಿನ್ನೂ ಎರಡೂ ಮನೆಯಲ್ಲಿ ಹೇಳಿರಲಿಲ್ಲ. ಅವಳ ಅಪ್ಪ ಅಮ್ಮನ ಮುಂದೆ ಕೂತು ಮಾತಾಡಬೇಕು ಅಂತಿದ್ದೆ. ಅಷ್ಟರಲ್ಲಿ ಇವನು ನಮ್ಮ ಮುಖ ಕಾಣುವ ಹಾಗೆ ರೀಲ್ ಹಾಕಿದ್ದಾನೆ, 'ಹ್ಯಾಪಿ ಕ್ಲೈಂಟ್ಸ್' ಅಂತ. ಅದನ್ನು ಅವಳ ದೊಡ್ಡಪ್ಪನ ಮಗ ನೋಡಿ ನೇರವಾಗಿ ಅವಳ ಅಪ್ಪನಿಗೆ ಫೋನ್ ಮಾಡಿದ. ಮಗಳ ಮದುವೆ ವಿಷಯ ಆ ಮನುಷ್ಯನಿಗೆ ತಿಳಿದದ್ದು ಹೀಗೆ. ಅವರು ನನ್ನ ಹತ್ತಿರ ಈಗ ಮಾತಾಡುತ್ತಾರೆ, ಆದರೆ ಅಳೆದು ಮಾತಾಡುತ್ತಾರೆ. ಇದಕ್ಕೆ ಯಾವ ರಿಫಂಡ್?

ಮಾಡಿಸಲೇಬೇಕು ಅಂತಿದ್ದರೆ ಇಷ್ಟು ನೆನಪಿಡಿ. ಪೂರ್ತಿ ಹಣ ಮೊದಲೇ ಕೊಡಬೇಡಿ. ನಿಮ್ಮ ಕಡೆಯ ಒಬ್ಬ ಸ್ನೇಹಿತನನ್ನು ಮುಂಚೆಯೇ ಬೀಚ್‌ಗೆ ಕಳಿಸಿ. ಎಲ್ಲ ಮಾತು, ಹಣ ಅವನ ಮೂಲಕವೇ ನಡೆಯಲಿ, ಅವನು ಗಟ್ಟಿಯಾಗಿ ಜಗಳ ಆಡಬಲ್ಲ, ನೀವು ಆಡಲಾರಿರಿ. ಪರ್ಮಿಷನ್ ಅಂದರೆ ರಸೀದಿ ಕೇಳಿ. ಫೋಟೋ, ವಿಡಿಯೋ ಎಲ್ಲೂ ಹಾಕುವುದಿಲ್ಲ ಅಂತ ಬರೆಸಿಕೊಳ್ಳಿ, ಇದನ್ನಂತೂ ಬಿಡಬೇಡಿ.

ಮೋಸ ಹೋದವರು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ. 2019ರ ಕಾಯ್ದೆ ಪ್ರಕಾರ ನೀವು ವಾಸವಿರುವ ಊರಿನಲ್ಲೇ ದೂರು ಕೊಡಬಹುದು, ಉಡುಪಿಗೆ ಓಡಾಡಬೇಕಿಲ್ಲ. ನಾನು ಶಿವಮೊಗ್ಗದಲ್ಲೇ ಕೊಟ್ಟಿದ್ದೇನೆ. ಮೆಸೇಜ್, ಪೇಮೆಂಟ್ ಸ್ಕ್ರೀನ್‌ಶಾಟ್ ಎಲ್ಲ ಇಟ್ಟುಕೊಂಡಿದ್ದರಿಂದ ಆಯಿತು.

ಅವನು ಈಗ ಪೇಜ್‌ನ ಹೆಸರು ಬದಲಾಯಿಸಿ ಫೆಬ್ರವರಿ 14ಕ್ಕೆ ಬುಕಿಂಗ್ ತೆಗೆದುಕೊಳ್ಳುತ್ತಿದ್ದಾನೆ. ಅದೇ ಫೋಟೋಗಳು, ಅದೇ ಫುಲ್ ಪೇಮೆಂಟ್ ಮಾತು. ಕಾಪು ಬೀಚ್‌ಗೆ ಯಾರಾದರೂ ಬುಕ್ ಮಾಡಲು ಹೊರಟಿದ್ದರೆ, ದುಡ್ಡು ಕಳಿಸುವ ಮೊದಲು ನನಗೆ ಒಂದು ಮೆಸೇಜ್ ಹಾಕಿ. ಅವನೇ ಹೌದೋ ಅಲ್ಲವೋ ನೋಡಿ ಹೇಳುತ್ತೇನೆ.