ಒಮಾನಿನಲ್ಲಿ ಮೂರು ದಿನದ ಕಾರು ಪ್ಯಾಕೇಜು: ಐದಕ್ಕೆ ಮೂರೂವರೆ ನಕ್ಷತ್ರ

ಅಳಿಯ ಈ ಪ್ಯಾಕೇಜಿಗೆ ದುಡ್ಡು ಕಟ್ಟಿ ಆದ ಮೇಲೆಯೇ ನನಗೆ ಹೇಳಿದ್ದು. ಮೊದಲೇ ಹೇಳಿದ್ದರೆ ನಾನು ಬೇಡ ಅನ್ನುತ್ತೇನೆಂದು ಅವನಿಗೆ ಚೆನ್ನಾಗಿ ಗೊತ್ತು. ಅಡ್ಯನಡ್ಕದ ಹತ್ತಿರ ಎರಡೂವರೆ ಎಕರೆ ಅಡಕೆ ತೋಟ, ಎರಡು ದನ, ಅಜ್ಜ ತೋಡಿಸಿದ ಒಂದು ನೀರಿನ ಸುರಂಗ, ಇಷ್ಟೇ ನನ್ನ ಪ್ರಪಂಚ. ಜನವರಿಯಲ್ಲಿ ಅಂಗಳ ತುಂಬ ಅಡಕೆ ಒಣಗುತ್ತಿರುವಾಗ ಅದನ್ನು ಬಿಟ್ಟು ಮಸ್ಕತ್ತಿಗೆ ಬಂದದ್ದು ಮಗಳ ಒತ್ತಾಯಕ್ಕೆ. ಬಂದ ಮೇಲೆ ನಾಲ್ಕನೇ ಮಾಳಿಗೆಯ ಬಾಲ್ಕನಿಯಲ್ಲಿ ನಿಂತು ಕಾರು ಎಣಿಸುವುದು ಬಿಟ್ಟರೆ ಬೇರೆ ಕೆಲಸ ಇರಲಿಲ್ಲ. ಹಾಗಾಗಿ ಹೊರಟೆವು.

ಲೆಕ್ಕ ಮೊದಲು. ನಾವು ದೊಡ್ಡವರು ನಾಲ್ವರು, ನಾಲ್ಕು ವರ್ಷದ ಮೊಮ್ಮಗ ಒಬ್ಬ. ಮೂರು ದಿನಕ್ಕೆ ಲ್ಯಾಂಡ್ ಕ್ರೂಸರ್, ಡ್ರೈವರೇ ಗೈಡ್, ನಿಜ್ವಾದಲ್ಲಿ ಒಂದು ರಾತ್ರಿ ಹೋಟೆಲು, ಮರಳುಗಾಡಿನ ಕ್ಯಾಂಪಿನಲ್ಲಿ ಒಂದು ರಾತ್ರಿ ಊಟ ಸಮೇತ. ಒಟ್ಟು 260 ರಿಯಾಲ್. ಒಂದು ರಿಯಾಲಿಗೆ ನಮ್ಮ 200 ರೂಪಾಯಿಗೂ ಮೇಲೆ, ನೀವೇ ಗುಣಿಸಿ ನೋಡಿ. ನಾನು ಗುಣಿಸಿದ ಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಪ್ರವೇಶದ ಟಿಕೆಟು ಇದರಲ್ಲಿ ಸೇರಿಲ್ಲ. ಅದನ್ನು ಅವರು ಮೊದಲು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಕಂಪನಿಯ ಹೆಸರು ಬರೆಯುವುದಿಲ್ಲ, ಯಾಕೆಂದರೆ ಮಸ್ಕತ್ತಿನಲ್ಲಿ ಇಂಥ ಪ್ಯಾಕೇಜು ಮಾರುವವರು ಬೇಕಾದಷ್ಟು ಜನ ಇದ್ದಾರೆ. ಅಳಿಯ ಐದಾರು ಕಡೆ ವಿಚಾರಿಸಿದ್ದನಂತೆ, ಪಟ್ಟಿ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ: ನಿಜ್ವಾ, ಜಬ್ರೀನ್, ಮಿಸ್ಫಾ, ಮರಳು, ವಾದಿ ಬನಿ ಖಾಲಿದ್, ಸೂರ್, ಬಿಮ್ಮಾ, ವಾಪಸ್.

ಡ್ರೈವರ್ ನಿಜ್ವಾ ಕಡೆಯ ಒಮಾನಿ. ನಲವತ್ತರ ಆಸುಪಾಸು, ಬಿಳಿ ದಿಶ್‌ದಾಶಾ, ತಲೆಗೆ ಕಸೂತಿಯ ಕುಮ್ಮಾ. ಅವನ ಹಿಂದಿ ನನ್ನ ಹಿಂದಿಗಿಂತ ಎಷ್ಟೋ ಚೆನ್ನ. ಮಸ್ಕತ್ತಿನಿಂದ ಹೊರಟು ಒಂದೂವರೆ ಗಂಟೆ ಕಳೆದರೂ ಎರಡೂ ಬದಿಯಲ್ಲಿ ಬೋಳು ಬೆಟ್ಟ, ಒಂದು ಹುಲ್ಲುಕಡ್ಡಿ ಇಲ್ಲ. ನಾನು ಸುಮ್ಮನೆ ಬಾಯಿಗೆ ಬಂದದ್ದು ಕೇಳಿದೆ: "ಇಲ್ಲಿ ಜನ ಕುಡಿಯುವುದೇನನ್ನು?" ಅವನು ಕನ್ನಡಿಯಲ್ಲಿ ನನ್ನ ಮುಖ ನೋಡಿದ. "ನೀವು ಕೃಷಿಕರಾ?" ಅಂದ. ಹೌದೆಂದೆ. ಮುಂದಿನ ತಿರುವಿನಲ್ಲಿ ಪಟ್ಟಿಯಲ್ಲಿ ಇಲ್ಲದ ಕಡೆಗೆ ಕಾರು ತಿರುಗಿಸಿದ.

ಆ ಊರಿನ ಹೆಸರು ಬಿರ್ಕತ್ ಅಲ್ ಮೌಜ್. ಅಲ್ಲೊಂದು ಹಳೆಯ ಮಣ್ಣಿನ ಊರು, ಮನೆಗಳೆಲ್ಲ ಪಾಳು ಬಿದ್ದಿವೆ. ಅದರ ಬುಡದಲ್ಲಿ ಕಣ್ಣು ಹಾಯುವಷ್ಟು ಖರ್ಜೂರದ ತೋಟ. ಒಂದು ಕೋಟೆಮನೆಯ ಅಡಿಯಿಂದ ಹಾದು ನೀರು ಹೊರಗೆ ಬರುತ್ತದೆ. ಮೊಣಕಾಲಿನವರೆಗೆ ಬರುವ ಕಾಲುವೆ, ತಳದ ಕಲ್ಲು ಲೆಕ್ಕ ಮಾಡಬಹುದಾದಷ್ಟು ತಿಳಿನೀರು. ಊರಿಗೆ ನೀರು ತರುವ ಇಂಥ ಕಾಲುವೆಗೆ ಇಲ್ಲಿ ಫಲಜ್ ಎನ್ನುತ್ತಾರೆ, ಇದರ ಹೆಸರು ಫಲಜ್ ಅಲ್ ಖತ್ಮೈನ್. 2006ರಲ್ಲಿ ಯುನೆಸ್ಕೊ ಒಮಾನಿನ ಐದು ಫಲಜುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತಲ್ಲ, ಅದರಲ್ಲಿ ಇದೂ ಒಂದು. ದೇಶದಲ್ಲಿ ಇವತ್ತಿಗೂ ಸುಮಾರು 3,000 ಫಲಜುಗಳಲ್ಲಿ ನೀರು ಹರಿಯುತ್ತಿದೆಯಂತೆ. ಪಂಪಿಲ್ಲ, ಕರೆಂಟಿಲ್ಲ. ಬೆಟ್ಟದ ಬುಡದಲ್ಲಿ ತಾಯಿಬಾವಿ ತೋಡುತ್ತಾರೆ, ಅಲ್ಲಿಂದ ನೆಲದೊಳಗೆ ಕಂಡೂ ಕಾಣದಷ್ಟು ಇಳಿಜಾರು ಕೊಟ್ಟು ಮೈಲಿಗಟ್ಟಲೆ ಸುರಂಗ ಕೊರೆಯುತ್ತಾರೆ, ಮಣ್ಣೆತ್ತಲಿಕ್ಕೂ ಗಾಳಿಗೂ ನಡುನಡುವೆ ಮೇಲಕ್ಕೆ ಗುಂಡಿ. ನೀರು ತಾನಾಗಿ ಊರಿಗೆ ಬಂದು ಬೀಳುತ್ತದೆ.

ನಮ್ಮ ಅಜ್ಜ ಮುರಕಲ್ಲಿನ ಗುಡ್ಡೆಗೆ ಪಿಕ್ಕಾಸು ಹಿಡಿದು ಅರವತ್ತು ಕೋಲು ಸುರಂಗ ತೋಡಿಸಿದ್ದು ಹೀಗೆಯೇ. ಬಗ್ಗಿಕೊಂಡು ಹೋಗಬೇಕು, ಬುಡ್ಡಿದೀಪ ಆರಿದರೆ ಹಿಂದೆ ಬರಬೇಕು. ವಿಟ್ಲ, ಪೆರ್ಲದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮದು ಒಬ್ಬೊಬ್ಬರ ಮನೆಯ ನೀರು, ಅವರದ್ದು ಇಡೀ ಊರಿನ ನೀರು, ವ್ಯತ್ಯಾಸ ಅಷ್ಟೆ.

ಖತ್ಮೈನ್‌ನಲ್ಲಿ ನೋಡಲೇಬೇಕಾದ್ದು ಪಾಲಿನ ಜಾಗ. ಫಲಜ್ ಅನ್ನುವ ಶಬ್ದದ ಅರ್ಥವೇ ಪಾಲು ಮಾಡುವುದು ಎಂದ ಡ್ರೈವರ್. ಒಂದು ಕಾಲುವೆ ಮೂರಾಗಿ ಒಡೆಯುತ್ತದೆ, ಮೂರಕ್ಕೂ ಸಮನಾದ ನೀರು. ನಾನು ನಂಬುವವನಲ್ಲ. ಬಿದ್ದಿದ್ದ ಖರ್ಜೂರದ ಗರಿಯಿಂದ ಮೂರು ತುಂಡು ಹರಿದು ಮೂರಕ್ಕೂ ಒಂದೊಂದು ಬಿಟ್ಟೆ. ಜೊತೆಜೊತೆಯಾಗಿಯೇ ಹೋದವು. ಮೊಮ್ಮಗ ಅವುಗಳ ಹಿಂದೆ ಓಡಿದ, ಅವನ ಹಿಂದೆ ಮಗಳು ಓಡಿದಳು.

ಮೊದಲು ಕುಡಿಯುವ ನೀರು, ಆಮೇಲೆ ಮಸೀದಿಗೆ, ಸ್ನಾನಕ್ಕೆ, ಕೊನೆಗೆ ತೋಟಕ್ಕೆ. ತೋಟದ ನೀರಿಗೆ ಪಾಳಿ ಉಂಟು. ಅರ್ಧ ಗಂಟೆಯ ಪಾಲಿಗೆ ಅಥರ್ ಎನ್ನುತ್ತಾರೆ. ಹಗಲು ನೆಟ್ಟ ಕೋಲಿನ ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ಪಾಳಿ ಬದಲಿಸುತ್ತಿದ್ದರು. ನೋಡಿಕೊಳ್ಳಲು ಊರವರೇ ಆರಿಸಿದ ಒಬ್ಬ ವಕೀಲ. ವಕೀಲನೆಂದರೆ ಕೋರ್ಟಿನವನಲ್ಲ, ಫಲಜಿನ ಯಜಮಾನ. "ಜಗಳ ಆಗುವುದಿಲ್ಲವಾ?" ಎಂದು ಕೇಳಿದೆ. "ನೀರಿರುವಲ್ಲಿ ಜಗಳ ಇಲ್ಲದೆ ಇರುತ್ತದಾ ಸಾಬ್?" ಅಂದ. ನಾನೂ ನನ್ನ ತಮ್ಮನೂ ಒಂದು ಪಂಪಿನ ಎರಡು ಗಂಟೆಯ ವಿಷಯಕ್ಕೆ ನಾಲ್ಕು ವರ್ಷದಿಂದ ನೇರ ಮಾತಾಡುವುದಿಲ್ಲ, ಅಡಕೆ ನೋಡಿಕೊಳ್ಳಲು ಅವನ ಮಗನಿಗೆ ಹೇಳಿಸಿದ್ದೂ ನನ್ನ ಹೆಂಡತಿಯ ಮೂಲಕ. ಅದನ್ನು ಡ್ರೈವರನಿಗೆ ಹೇಳಲಿಲ್ಲ. ಇವಳು ನನ್ನ ಮುಖ ನೋಡಿದಳು.

ಅಲ್ಲಿ ನಿಂತದ್ದು ಇಪ್ಪತ್ತು ನಿಮಿಷ. ಮೂರು ದಿನದಲ್ಲಿ ದುಡ್ಡು ಕೊಡದೆ ನೋಡಿದ, ಪಟ್ಟಿಯಲ್ಲಿ ಇಲ್ಲದ, ಎಲ್ಲಕ್ಕಿಂತ ಒಳ್ಳೆಯ ಜಾಗ ಅದೇ. ನನ್ನ ತಕರಾರು ಕೂಡ ಇಲ್ಲಿಂದಲೇ ಶುರು. ಸೂಕಿನಲ್ಲಿ (ಹಳೆಯ ಪೇಟೆಯಲ್ಲಿ) ಖರೀದಿಗೆ ಎರಡು ಗಂಟೆ ಎಂದು ಪಟ್ಟಿಯಲ್ಲಿ ದಪ್ಪಕ್ಷರದಲ್ಲಿ ಹಾಕಿದವರು ಫಲಜಿಗೆ ಒಂದು ಸಾಲು ಹಾಕಿಲ್ಲ. ಬಹ್ಲಾ ಕೋಟೆ 1987ರಿಂದ ವಿಶ್ವ ಪರಂಪರೆಯ ತಾಣ, ಅಷ್ಟು ದೊಡ್ಡ ಮಣ್ಣಿಟ್ಟಿಗೆಯ ಕೋಟೆಯನ್ನು ರಸ್ತೆಯ ಮೇಲಿಂದಲೇ ತೋರಿಸಿ ಮುಂದೆ ಹೋದರು. "ಟೈಮ್ ಇಲ್ಲ, ಆಫೀಸಿನವರ ಆರ್ಡರ್" ಎಂದ ಡ್ರೈವರ್. ಅವನ ತಪ್ಪಲ್ಲ.

ಜಬ್ರೀನ್ ಕೋಟೆಗೆ ಹೋದೆವು, ಅದು ಕೋಟೆಗಿಂತ ಅರಮನೆ. ಹದಿನೇಳನೇ ಶತಮಾನದಲ್ಲಿ ಇಮಾಮ್ ಬಲಅರಬ್ ಬಿನ್ ಸುಲ್ತಾನ್ ಕಟ್ಟಿಸಿದ್ದು. ಮರದ ಮಾಡಿಗೆ ಬಣ್ಣದ ಹೂಬಳ್ಳಿ ಬರೆದಿದ್ದಾರೆ, ಕತ್ತು ನೋವು ಬರುವವರೆಗೆ ನೋಡಬಹುದು. ಅದರೊಳಗೂ ಒಂದು ಫಲಜ್ ಹಾದುಹೋಗುತ್ತದೆ.

ಸಂಜೆ ಮಿಸ್ಫಾ ಅಲ್ ಅಬ್ರಿಯೀನ್. ಬೆಟ್ಟದ ಮೈಗೆ ಅಂಟಿಸಿದ ಹಾಗಿರುವ ಕಲ್ಲು-ಮಣ್ಣಿನ ಹಳ್ಳಿ, ಅದರ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ತೋಟ. ಖರ್ಜೂರದ ನೆರಳಿನಲ್ಲಿ ಬಾಳೆ, ಲಿಂಬೆ. ಅಡಕೆಯ ನಡುವೆ ಬಾಳೆ ಹಾಕುವವರಿಗೆ ಮನೆಗೆ ಬಂದ ಹಾಗಾಗುತ್ತದೆ. ಜನ ಅಲ್ಲೇ ವಾಸ ಮಾಡುತ್ತಾರೆ, ಆದ್ದರಿಂದ ಮೈತುಂಬ ಬಟ್ಟೆ ಹಾಕಿ ಹೋಗಿ, ಬಾಗಿಲೊಳಗೆ ಇಣುಕಿ ಫೋಟೊ ತೆಗೆಯಬೇಡಿ. ಮಂಡಿನೋವಿನವರು ಮೇಲಿನಿಂದಲೇ ನೋಡಿದರೆ ಸಾಕು. ಇಳಿದವರು ಹತ್ತಲೇಬೇಕಲ್ಲ.

ಶುಕ್ರವಾರ ಬೆಳಗ್ಗೆ ಏಳಕ್ಕೆ ನಿಜ್ವಾದ ಆಡಿನ ಸಂತೆ. ಗುರುವಾರ ಹೊರಡುವ ಪ್ಯಾಕೇಜೇ ಹಿಡಿಯಿರಿ, ಈ ಸಂತೆ ಶುಕ್ರವಾರ ಮಾತ್ರ. ಕೊಳ್ಳುವವರು ಸುತ್ತ ಕೂತಿರುತ್ತಾರೆ, ಮಾರುವವರು ಆಡು ಹಿಡಿದುಕೊಂಡು ಬೆಲೆ ಕೂಗುತ್ತ ವೃತ್ತದಲ್ಲಿ ಸುತ್ತುತ್ತಾರೆ. ಬೇಕಾದವರು ಕೈ ತೋರಿಸಿ ನಿಲ್ಲಿಸಿ ಹಲ್ಲು ನೋಡಿ, ಕೆಚ್ಚಲು ಮುಟ್ಟಿ, ತಲೆ ಅಲ್ಲಾಡಿಸಿ ಕಳಿಸುತ್ತಾರೆ. ನಾನು ದನ ಕೊಳ್ಳುವಾಗ ಮಾಡುವುದೂ ಇದನ್ನೇ. ನಮ್ಮ ಮನೆಯಲ್ಲಿ ಮಾಂಸ ತಿನ್ನುವುದಿಲ್ಲ, ಇವಳು ಆಡುಗಳ ಕಣ್ಣು ನೋಡಿ ಅರ್ಧದಲ್ಲೇ ಎದ್ದು ಹೋದಳು. ನಾನು ಕೊನೆಯವರೆಗೆ ಇದ್ದೆ.

ನಿಜ್ವಾ ಕೋಟೆಗೆ ನಾವು ಹೋದಾಗ ತಲೆಗೆ 5 ರಿಯಾಲ್. ದುಬಾರಿ, ಆದರೆ ಕೊಡಿ. 1650ರ ದಶಕದಲ್ಲಿ ಇಮಾಮ್ ಸುಲ್ತಾನ್ ಬಿನ್ ಸೈಫ್ ಕಟ್ಟಿಸಿದ ದುಂಡು ಗೋಪುರ, ಕಟ್ಟಲು ಹನ್ನೆರಡು ವರ್ಷ ಹಿಡಿಯಿತಂತೆ. ಫಿರಂಗಿ ಏಟಿಗೆ ಅಲುಗದಿರಲೆಂದು ಒಳಗೆ ಮಣ್ಣುಕಲ್ಲು ತುಂಬಿಸಿದ್ದಾರೆ. ಮೇಲೆ ಹೋಗುವ ಮೆಟ್ಟಿಲು ಇಕ್ಕಟ್ಟು, ತಿರುವಿಗೊಂದು ಬಾಗಿಲು, ಬಾಗಿಲಿನ ಮೇಲೆ ಕಿಂಡಿ. ಶತ್ರು ಬಂದರೆ ಆ ಕಿಂಡಿಯಿಂದ ಕುದಿಯುವ ಖರ್ಜೂರದ ರಸ ಸುರಿಯುತ್ತಿದ್ದರು! ಆ ರಸ ತೆಗೆಯುವ ಕೋಣೆಯೂ ಉಂಟು: ಗೆರೆ ಕೊರೆದ ನೆಲ, ಅದರ ಮೇಲೆ ಖರ್ಜೂರದ ಚೀಲಗಳ ರಾಶಿ, ಭಾರಕ್ಕೆ ರಸ ಒಸರಿ ಗೆರೆಯಲ್ಲಿ ಇಳಿದು ಗುಂಡಿಗೆ ಬೀಳುತ್ತದೆ. ನೋಡಲಿಕ್ಕೆ ನಮ್ಮ ಜೋನಿ ಬೆಲ್ಲವೇ. ಆಲೆಮನೆಯ ಕೊಪ್ಪರಿಗೆಯ ಬೆಲ್ಲ ಒಂದು ಹನಿ ಕೈಗೆ ಹಾರಿದವರಿಗೆ ಆ ಕಿಂಡಿಯ ಮಹಿಮೆ ಬೇಗ ಅರ್ಥವಾಗುತ್ತದೆ.

ಸೂಕಿನಲ್ಲಿ ಹಲ್ವಾ ಅಂಗಡಿಯವನು ಕಹ್ವಾ ಕೊಟ್ಟ. ಏಲಕ್ಕಿ ಹಾಕಿದ ಕಹಿ ಕಾಫಿ, ಹಿಡಿಯಿಲ್ಲದ ಪುಟ್ಟ ಬಟ್ಟಲು. ಕುಡಿದೆ, ಮತ್ತೆ ಹಾಕಿದ. ಕುಡಿದೆ, ಮತ್ತೆ ಹಾಕಿದ. ಐದನೇ ಬಟ್ಟಲಿಗೆ ಡ್ರೈವರ್ ನಗುತ್ತ ಬಂದು, ಸಾಕಾದರೆ ಬಟ್ಟಲನ್ನು ಹೀಗೆ ಅಲ್ಲಾಡಿಸಬೇಕು ಎಂದು ತೋರಿಸಿದ. ಅಲ್ಲಿಯವರೆಗೆ ನಾನು ಮರ್ಯಾದೆಗೆ ಕುಡಿಯುತ್ತಿದ್ದೆ, ಅವನು ಮರ್ಯಾದೆಗೆ ಹಾಕುತ್ತಿದ್ದ.

ಇನ್ನು ಮರಳು. ಶರ್ಕಿಯಾ ಮರಳುಗಾಡಿನ ಅಂಚಿನ ಬಿದಿಯಾದಲ್ಲಿ ಟಯರಿನ ಗಾಳಿ ಇಳಿಸಿ ಒಳಗೆ ಹೊಕ್ಕೆವು. ದಿಬ್ಬ ಹತ್ತಿಸಿ ಇಳಿಸುವ ಆಟ ಹದಿಹರೆಯದವರಿಗೆ ಸರಿ. ಇವಳಿಗೆ ಎರಡನೇ ದಿಬ್ಬಕ್ಕೇ ವಾಂತಿ ಬಂತು. ಹೇಳಿದ ಕೂಡಲೇ ಡ್ರೈವರ್ ನಿಲ್ಲಿಸಿದ, ನೀರು ಕೊಟ್ಟ, ಆಮೇಲೆ ಎತ್ತಿನಗಾಡಿಯ ಹಾಗೆ ನಿಧಾನ ಓಡಿಸಿದ. ಆ ಅರ್ಧ ನಕ್ಷತ್ರ ಅವನದ್ದು.

ಕ್ಯಾಂಪಿನದ್ದು ಮಾತ್ರ ಮೋಸ. ಸಸ್ಯಾಹಾರದ ಊಟ ಎಂದು ಮೂರು ಸಲ ಬರೆದು ತಿಳಿಸಿದ್ದೆವು. ಸಿಕ್ಕಿದ್ದು ಬಿಳಿ ಅನ್ನ, ಸೌತೆಕಾಯಿ, ಕಡಲೆ ಅರೆದ ಹಮ್ಮುಸ್, ಖುಬುಜ್ ರೊಟ್ಟಿ. ಮಗಳು ತಂದಿದ್ದ ಮಾವಿನ ಮಿಡಿ ಉಪ್ಪಿನಕಾಯಿ ನಮ್ಮನ್ನು ಉಳಿಸಿತು. ಗುಡಾರದ ಹಿಂದೆಯೇ ಜನರೇಟರು, ಎದುರಿಗೆ ಧ್ವನಿವರ್ಧಕ. ಮರುಭೂಮಿಯ ಮೌನ ಎಂದು ಜಾಹೀರಾತಿನಲ್ಲಿ ಬರೆದದ್ದು ಹನ್ನೊಂದು ಗಂಟೆಯ ನಂತರದ ಮಾತು. ಎರಡೂ ನಿಂತ ಮೇಲೆ ಹೊರಗೆ ಬಂದೆ. ಎಂಥಾ ಚಳಿ ಮಾರಾಯ್ರೆ, ಶಾಲು ಸಾಲದು, ಸ್ವೆಟರು ಬೇಕು. ನಕ್ಷತ್ರ ನೋಡಿ ಪಾಳಿ ಬದಲಿಸುತ್ತಿದ್ದರು ಎಂದದ್ದು ಆ ಆಕಾಶ ನೋಡಿದ ಮೇಲೆ ನಂಬಿಕೆಯಾಯಿತು.

ಬೆಳಗ್ಗೆ ಮರಳಿನ ನಡುವೆ ಒಂದು ಮರ. ಒಂಟೆಗಳು ಕೆಳಗಿನ ಗೆಲ್ಲುಗಳನ್ನೆಲ್ಲ ಒಂದೇ ಎತ್ತರಕ್ಕೆ ಮೇಯ್ದು, ಕೊಡೆಯ ಹಾಗೆ ಮಾಡಿಟ್ಟಿದ್ದವು. ಇಲ್ಲಿ ಅದಕ್ಕೆ ಗಾಫ್ ಎನ್ನುತ್ತಾರೆ. ಅಳಿಯ ಮೊಬೈಲಿನಲ್ಲಿ ನೋಡಿ "ಮಾವ, ಇದು ಶಮಿ" ಅಂದ. ಬನ್ನಿ ಮರ! ಇವಳು ವಿಜಯದಶಮಿಗೆ ತಪ್ಪಿಸಿದ್ದ ಪ್ರದಕ್ಷಿಣೆಯನ್ನು ಅಲ್ಲೇ ಹಾಕಿದಳು, ಚಪ್ಪಲಿ ಬಿಟ್ಟು, ಮೂರು ಸುತ್ತು. ಒಂಟೆಯೊಂದು ದಾರಿ ಬಿಡಲಿಲ್ಲ, ಅದನ್ನೂ ಸೇರಿಸಿ ಸುತ್ತಿದಳು.

ಮೂರನೇ ದಿನ ಶನಿವಾರ, ಇಲ್ಲಿ ಶುಕ್ರವಾರ-ಶನಿವಾರ ರಜೆ. ವಾದಿ ಬನಿ ಖಾಲಿದ್‌ನಲ್ಲಿ ಕಾರು ನಿಲ್ಲಿಸಲು ಜಾಗವಿರಲಿಲ್ಲ. ವರ್ಷವಿಡೀ ನೀರಿರುವ ಹಸಿರು ಗುಂಡಿಗಳು, ಕಾಲು ಇಳಿಬಿಟ್ಟರೆ ಸಣ್ಣ ಮೀನು ಬಂದು ಕಚಗುಳಿ ಇಡುತ್ತವೆ. ಮೊಮ್ಮಗನನ್ನು ನೀರಿನಿಂದ ಎಬ್ಬಿಸಲಿಕ್ಕೆ ಸಾಕುಬೇಕಾಯಿತು. ವಾದಿ ಅಂದರೆ ಬೆಟ್ಟದ ನಡುವಿನ ಹಳ್ಳದ ಕಣಿವೆ, ಬೆಟ್ಟದ ಮೇಲೆ ಮೋಡ ಕಂಡರೆ ಮಾತ್ರ ಯಾವ ವಾದಿಗೂ ಇಳಿಯಬಾರದು. ಎಲ್ಲೋ ಬಿದ್ದ ಮಳೆ ಇಲ್ಲಿಗೆ ಗೋಡೆಯ ಹಾಗೆ ಬರುತ್ತದೆ ಎಂದು ಡ್ರೈವರ್ ಎರಡು ಸಲ ಹೇಳಿದ.

ಸೂರ್‌ನಲ್ಲಿ ಮರದ ಹಡಗು ಕಟ್ಟುವ ಅಂಗಳ. ಹಿಂದೆ ಇದಕ್ಕೆ ತೇಗ ಬರುತ್ತಿದ್ದದ್ದು ನಮ್ಮ ಪಡುವಣ ಕರಾವಳಿಯಿಂದಲೇ. ಮಂಗಳೂರಿನ ಅಕ್ಕಿ ಮಸ್ಕತ್ತಿಗೆ ಹೋಗುತ್ತಿತ್ತು, ಟಿಪ್ಪು ಅಲ್ಲೊಂದು ವ್ಯಾಪಾರದ ಕೋಠಿಯನ್ನೇ ಇಟ್ಟಿದ್ದ. ನೋಡಲು ಸಿಕ್ಕಿದ್ದು ಹದಿನೈದೇ ನಿಮಿಷ. ಬಿಮ್ಮಾದ ಗುಂಡಿ ಚಿತ್ರದಲ್ಲಿ ಕಂಡ ಹಾಗೆಯೇ ಇದೆ: ಸುಣ್ಣಕಲ್ಲಿನ ನೆಲ ಕುಸಿದು ಆದ ಹೊಂಡ, ತಳದಲ್ಲಿ ನೀಲಿ-ಹಸಿರು ನೀರು, ಇಳಿಯಲು ಮೆಟ್ಟಿಲು. ನಕ್ಷತ್ರ ಬಿದ್ದು ಆದದ್ದೆಂದು ಜನ ಹೇಳುತ್ತಾರೆ.

ಹೋಗುವವರಿಗೆ ನನ್ನ ಮಾತು ಇಷ್ಟು. ಕಾರು ಮತ್ತು ಡ್ರೈವರನ್ನು ದಿನದ ಬಾಡಿಗೆಗೆ ಹಿಡಿಯಿರಿ, ಪಟ್ಟಿ ನೀವೇ ಬರೆಯಿರಿ. ಮೊದಲ ಸಾಲಿನಲ್ಲಿ ಬಿರ್ಕತ್ ಅಲ್ ಮೌಜ್ ಇರಲಿ. ಕ್ಯಾಂಪಿನ ಬದಲು ಮಿಸ್ಫಾದ ಹಳೆಯ ಮನೆಗಳಲ್ಲಿ ರಾತ್ರಿ ಉಳಿಯಲು ಆಗುತ್ತದೆ, ನಮಗೆ ತಡವಾಗಿ ಗೊತ್ತಾಯಿತು. ಖರ್ಜೂರ ನಿಜ್ವಾ ಸೂಕಿನಲ್ಲೇ ರುಚಿ ನೋಡಿ ಕೊಳ್ಳಿ. ನಾನು ಎರಡು ಕಿಲೋ ಖಲಾಸ್ ತೆಗೆದುಕೊಂಡೆ. ಒಂದು ಕಿಲೋ ಬೇರೆಯಾಗಿ ಕಟ್ಟಿಸಿದೆ. ಯಾರಿಗೆ ಎಂದು ಇವಳು ಕೇಳಲಿಲ್ಲ, ತಮ್ಮನ ಮನೆಯ ಚೀಲದಲ್ಲಿ ಹಾಕಿಟ್ಟಳು.