ಇಂಟರ್ನೆಟ್ ಆರ್ಕೈವ್‌ನ ಕನ್ನಡ ಕಪಾಟು ಮತ್ತು ಹಕ್ಕುಸ್ವಾಮ್ಯದ ಅವಧಿ

ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಗಳಲ್ಲೂ ಸಿಗದ, ಮರುಮುದ್ರಣ ಕಾಣದೆ ದಶಕಗಳೇ ಕಳೆದ ಕನ್ನಡ ಪುಸ್ತಕಗಳನ್ನು ಹುಡುಕುವವರಿಗೆ ಇಂಟರ್ನೆಟ್ ಆರ್ಕೈವ್ ಎಂಬ ಅಂತರ್ಜಾಲ ಗ್ರಂಥಾಲಯದ ಕನ್ನಡ ಸಂಗ್ರಹ ಬಹುದೊಡ್ಡ ಆಸರೆ. ಚಂದಾ ಕೊಡಬೇಕಿಲ್ಲ, ಜಾಹೀರಾತಿನ ಕಾಟವಿಲ್ಲ. ತೆರೆಯ ಮೇಲೆಯೇ ಪುಟ ತಿರುವಿ ಓದಬಹುದು, ಬೇಕಾದರೆ ಪಿಡಿಎಫ್ ಇಳಿಸಿಕೊಳ್ಳಬಹುದು. ಬೆಂಗಳೂರಿನ ಗಾಂಧಿ ಭವನದಲ್ಲಿ ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಯೋಜನೆಯವರು ಸ್ಕ್ಯಾನ್ ಮಾಡಿದ ಪುಸ್ತಕಗಳೂ ಇದರಲ್ಲಿ ಸೇರಿವೆ. ಅವುಗಳ ಗುಣಮಟ್ಟವನ್ನು ಮನಸಾರೆ ಮೆಚ್ಚಬೇಕು: ಹಳದಿಗಟ್ಟಿದ ಕಾಗದದ ಬಣ್ಣ, ಗ್ರಂಥಾಲಯದ ಮೊಹರು, ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ಬರೆದ ಟಿಪ್ಪಣಿ ಎಲ್ಲವೂ ಹಾಗೆಯೇ ಉಳಿದಿವೆ. ಬೇರೆಡೆಗಳಿಂದ ಬಂದ ಹಳೆಯ ಕಪ್ಪು-ಬಿಳುಪು ಪ್ರತಿಗಳು ಅಷ್ಟು ಚೆನ್ನಾಗಿಲ್ಲ. ಕೆಲವದರಲ್ಲಿ ಒತ್ತಕ್ಷರಗಳು ಒಂದಕ್ಕೊಂದು ಕೂಡಿಕೊಂಡು ಮಸಿಯ ಚುಕ್ಕೆಗಳಾಗಿವೆ. ಹುಡುಕುವಾಗ ಲೇಖಕರ ಹೆಸರನ್ನು ಕನ್ನಡ ಲಿಪಿಯಲ್ಲೂ ರೋಮನ್ ಲಿಪಿಯಲ್ಲೂ ಕೊಟ್ಟು ನೋಡಬೇಕು.

ಇಂಥ ಸೇವೆಯನ್ನು ಬಳಸುತ್ತಿದ್ದರೆ, ಇಂಟರ್ನೆಟ್ಟಿನ ಕಾಲದಲ್ಲಿ ಹಕ್ಕುಸ್ವಾಮ್ಯವೇ ಬೇಡ ಎಂಬ ವಾದದತ್ತ ಮನಸ್ಸು ವಾಲುವುದು ಸಹಜ. ಆದರೂ ನಾನು ಅದನ್ನು ಒಪ್ಪಲಾರೆ. ಸಾಲ ಮಾಡಿ ಪುಸ್ತಕ ಅಚ್ಚು ಹಾಕಿಸುವ ಸಣ್ಣ ಪ್ರಕಾಶಕರಿಗೆ, ಬಿಡುಗಡೆಯಾದ ವಾರದಲ್ಲೇ ಅದರ ಪಿಡಿಎಫ್ ಟೆಲಿಗ್ರಾಂ ಗುಂಪುಗಳಲ್ಲಿ ಹರಿದಾಡತೊಡಗಿದರೆ, ತಡೆಯಲು ಇರುವ ಆಧಾರ ಕಾನೂನೊಂದೇ. ನನ್ನ ತಕರಾರು ಇರುವುದು ಅವಧಿಯ ಬಗ್ಗೆ. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆ ಲೇಖಕರು ತೀರಿಕೊಂಡ ನಂತರ 50 ವರ್ಷಗಳ ರಕ್ಷಣೆ ಕೊಟ್ಟಿತ್ತು. 1992ರ ತಿದ್ದುಪಡಿ ಅದನ್ನು 60ಕ್ಕೆ ಏರಿಸಿತು. ಹಕ್ಕುಸ್ವಾಮ್ಯದ ಅಂತರರಾಷ್ಟ್ರೀಯ ಒಪ್ಪಂದವಾದ ಬರ್ನ್ ಒಪ್ಪಂದ ಕೇಳುವುದು 50 ವರ್ಷಗಳನ್ನಷ್ಟೇ; ಉಳಿದ 10 ವರ್ಷಗಳನ್ನು ನಾವೇ ಹೇರಿಕೊಂಡಿದ್ದೇವೆ. 1963ರಲ್ಲಿ ನಿಧನರಾದ ಗೋವಿಂದ ಪೈಗಳು ತಮ್ಮ ಜೀವಿತಕಾಲದಲ್ಲಿ ಪ್ರಕಟಿಸಿದ ಬರಹ 2024ರ ಜನವರಿ 1ರಂದು ಸಾರ್ವಜನಿಕ ಸ್ವತ್ತಾಯಿತು. ಹಳೆಯ ಲೆಕ್ಕವೇ ಉಳಿದಿದ್ದರೆ 2014ರಲ್ಲೇ ಆಗುತ್ತಿತ್ತು. ದೊಡ್ಡ ಹೆಸರಿನವರಿಗಾದರೂ ಮರುಮುದ್ರಣದ ಭಾಗ್ಯವಿದೆ. ಪ್ರಕಾಶನ ಮುಚ್ಚಿಹೋಗಿ, ವಾರಸುದಾರರು ಎಲ್ಲಿದ್ದಾರೆಂಬುದೇ ತಿಳಿಯದ ಲೇಖಕರ ಪುಸ್ತಕಗಳಿಂದ ಇಂದು ಯಾರಿಗೂ ಒಂದು ರೂಪಾಯಿ ಹುಟ್ಟುವುದಿಲ್ಲ, ಆದರೂ ಅವುಗಳನ್ನು ಮತ್ತೆ ಅಚ್ಚು ಹಾಕಲು ಕಾನೂನು ಸುಲಭವಾಗಿ ಬಿಡುವುದಿಲ್ಲ. ಅವು ಗೆದ್ದಲಿನ ಪಾಲಾಗುತ್ತಿರುವುದು ನಿಜಕ್ಕೂ ಸಂಕಟದ ಸಂಗತಿ. ನಿರಂಜನರ ಕುಟುಂಬದವರು ಅವರ ಕೃತಿಗಳನ್ನು ಯಾರು ಬೇಕಾದರೂ ಹಂಚಿಕೊಳ್ಳಲು ಬಿಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಮುಕ್ತಗೊಳಿಸಿದರು. ಉಳಿದ ಲೇಖಕರ ಮನೆಯವರೂ ಹೀಗೆ ಮನಸ್ಸು ಮಾಡಿದರೆ ಕಾನೂನು ಬದಲಾಗುವವರೆಗೆ ಕಾಯಬೇಕಿಲ್ಲ.

ಆರ್ಕೈವ್ ಕೂಡ ಈ ವಿವಾದದಿಂದ ಹೊರಗಿಲ್ಲ. ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಎರವಲು ಕೊಡುತ್ತಿದ್ದುದರ ವಿರುದ್ಧ 2020ರಲ್ಲಿ ನಾಲ್ಕು ದೊಡ್ಡ ಪ್ರಕಾಶನ ಸಂಸ್ಥೆಗಳು ಅಮೆರಿಕದ ನ್ಯಾಯಾಲಯದಲ್ಲಿ ಹೂಡಿದ ಮೊಕದ್ದಮೆಯಲ್ಲಿ ಅದು 2024ರ ಸೆಪ್ಟೆಂಬರಿನಲ್ಲಿ ಮೇಲ್ಮನವಿಯ ಹಂತದಲ್ಲೂ ಸೋತಿತು. 5 ಲಕ್ಷಕ್ಕೂ ಹೆಚ್ಚು ಪುಸ್ತಕಗಳನ್ನು ಎರವಲು ಸೇವೆಯಿಂದ ತೆಗೆಯಬೇಕಾಯಿತು. ಆದ್ದರಿಂದ ಇಲ್ಲಿ ಅಪರೂಪದ ಪುಸ್ತಕ ಕಂಡರೆ, ಹಕ್ಕುಸ್ವಾಮ್ಯದ ಅವಧಿ ಮುಗಿದಿದೆಯೇ ಎಂದು ನೋಡಿಕೊಂಡು ಒಂದು ಪ್ರತಿಯನ್ನು ಇಳಿಸಿಟ್ಟುಕೊಳ್ಳಿ. ಅಂಗಡಿಯಲ್ಲಿ ಸಿಗುವ ಪುಸ್ತಕವಾದರೆ ಅಲ್ಲಿಯೇ ಕೊಂಡುಕೊಳ್ಳಿ.