ಗಿಡ ಗುರುತಿಸೋ ಆ್ಯಪ್, ಸಕ್ಯುಲೆಂಟ್‌ಗೆ ಎಷ್ಟು ನಂಬ್ಬೋದು? ಲಾಂಗ್ ಟರ್ಮ್ ರಿವ್ಯೂ, 3/5

ಲಾಕ್‌ಡೌನ್ ಟೈಮಲ್ಲಿ ಹಾಕ್ಕೊಂಡಿದ್ದು, ಇನ್ನೂ ಫೋನಲ್ಲಿದೆ ಅಂದ್ರೆ ಪೂರ್ತಿ ದಂಡ ಅಲ್ಲ ಅಂತಾಯ್ತು. ದಾಸವಾಳ, ನಂದಿಬಟ್ಲು, ರಸ್ತೆ ಬದಿ ಮರ ಎಲ್ಲ ಟಕ್ ಅಂತ ಹೇಳುತ್ತೆ, ತಕರಾರಿಲ್ಲ. ತಲೆನೋವು ಇರೋದು ಸಕ್ಯುಲೆಂಟ್‌ದು, ಅಂದ್ರೆ ದಪ್ಪ ಎಲೆ, ಕಾಂಡದಲ್ಲಿ ನೀರು ತುಂಬಿಟ್ಕೊಳ್ಳೋ ಗಿಡಗಳದ್ದು. ನರ್ಸರೀಲಿ ಚೀಟಿನೇ ಇರಲ್ಲ, ಹೆಸರು ಕೇಳಿದ್ರೆ "ಇಂಡೋರ್ ಪ್ಲಾಂಟ್ ಮೇಡಂ, ವಾರಕ್ಕೊಂದ್ಸಲ ನೀರು" ಅಷ್ಟೇ ಉತ್ತರ.

ನಮ್ಮನೇಲಿ ಕಡು ಹಸಿರು ಮೊನಚು ಎಲೆ, ಬಿಳಿ ಪಟ್ಟೆ ಇರೋದೊಂದಿದೆ. ಮೇಲಿಂದ ಫೋಟೋ ಹಾಕಿದ್ರೆ ಆ್ಯಪ್ ಒಂದ್ಸಲ ಅಲೋ (ಲೋಳೆಸರದ ಕುಲ) ಅನ್ನುತ್ತೆ, ಇನ್ನೊಂದ್ಸಲ ಹಾವರ್ತಿಯಾ (ಅದನ್ನೇ ಹೋಲೋ ಪುಟ್ಟ ಸಕ್ಯುಲೆಂಟ್), ಅದ್ರ ಮುಂದೆ ಪರ್ಸೆಂಟ್ ಬೇರೆ ತೋರಿಸಿ ನಮ್ಮನ್ನ ನಂಬಿಸುತ್ತೆ. ಎಲೆ ಹಿಂಭಾಗ ಹತ್ರದಿಂದ ತೆಗೆದು ಹಾಕಿ ನೋಡಿ, ಆಗ ಹಾವರ್ತಿಯಾಗೇ ನಿಲ್ಲುತ್ತೆ. ಆ ಪಟ್ಟೆ ಬರೀ ಬಣ್ಣ ಅಲ್ಲ, ಉಗುರಲ್ಲಿ ಸವರಿದ್ರೆ ತರಿತರಿ ಸಿಗುತ್ತೆ, ಸಾಲಾಗಿ ಕೂತಿರೋ ಸಣ್ಣ ಗುಳ್ಳೆಗಳು.

ಆದ್ರೆ ಜಾತಿ ಹೇಳೋದ್ರಲ್ಲಿ ಆ್ಯಪ್ ಸೋಲುತ್ತೆ. ನಮ್ದನ್ನ ಹಾವರ್ತಿಯಾದಲ್ಲೇ ಫ್ಯಾಸಿಯೇಟಾ ಅನ್ನೋ ಜಾತಿ ಅಂತ ಈಗ್ಲೂ ಹಠ ಹಿಡಿಯುತ್ತೆ. ಫ್ಯಾಸಿಯೇಟಾ ಆಗಿದ್ರೆ ಎಲೆ ಒಳಮೈ ನುಣ್ಣಗಿರ್ಬೇಕು, ಇದಕ್ಕೆ ಎರಡೂ ಕಡೆ ಗುಳ್ಳೆ, ಅಂದ್ರೆ ಅಟೆನ್ಯುಯೇಟಾ ಅನ್ನೋ ಇನ್ನೊಂದು ಜಾತಿ. ಅಂಗಡೀಲಿ ಫ್ಯಾಸಿಯೇಟಾ ಅಂತ ಮಾರೋದ್ರಲ್ಲಿ ಹೆಚ್ಚಿನವು ಇದೇನೇ, ಹಂಗಾಗಿ ನೆಟ್ ತುಂಬ ತಪ್ಪು ಹೆಸರಿನ ಫೋಟೋ. ಜೊತೆಗೆ 2013ರಲ್ಲಿ ಇವನ್ನ ಹಾವರ್ತಿಯಾಪ್ಸಿಸ್ ಅಂತ ಬೇರೆ ಕುಲ ಮಾಡಿದಾರೆ, ಹಳೇದು ಹೊಸದು ಎರಡೂ ಹೆಸರು ಕಂಡ್ರೆ ಗಾಬರಿ ಬೇಡ, ಗಿಡ ಒಂದೇ.

ಹೂ ಬಂದಾಗ ಮಾತ್ರ ಆ್ಯಪ್ ಸರಿಯಾಗಿ ಕೆಲ್ಸ ಮಾಡ್ತು. ಉದ್ದ ಕಡ್ಡಿ, ತುದೀಲಿ ಎರಡು ತುಟಿ ಥರ ಸೀಳಿರೋ ಪುಟಾಣಿ ಬಿಳಿ ಹೂ. ಲೋಳೆಸರದ ಕುಲ ಆಗಿದ್ರೆ ಸಾಮಾನ್ಯವಾಗಿ ಹಳದಿ, ಕೇಸರಿ ಕೊಳವೆ ಬರ್ತಿತ್ತು.

ಕಳ್ಳಿ ವಿಷ್ಯದಲ್ಲಂತೂ ಆ್ಯಪ್ ನಂಬ್ಲೇಬೇಡಿ, ಯುಫೋರ್ಬಿಯಾನೆಲ್ಲ (ನೋಡೋಕೆ ಕ್ಯಾಕ್ಟಸ್ ಥರಾನೇ ಇದ್ರೂ ಬೇರೆ ಗುಂಪಿನ ಗಿಡ) ಕ್ಯಾಕ್ಟಸ್ ಅನ್ನುತ್ತೆ. ಮುಳ್ಳಿನ ಬುಡ ನೋಡಿ, ಹತ್ತಿ ಥರ ಸಣ್ಣ ದಿಂಬಿದ್ರೆ ಕ್ಯಾಕ್ಟಸ್. ಗಿಡಕ್ಕೆ ಗಾಯ ಆದಾಗ ಬಿಳಿ ಹಾಲು ಸುರಿದ್ರೆ ಯುಫೋರ್ಬಿಯಾನೇ ಇರುತ್ತೆ ಹೆಚ್ಚುಕಮ್ಮಿ, ಆ ಹಾಲು ಕಣ್ಣಿಗೆ ತಾಗಿಸ್ಕೋಬೇಡಿ, ಮಕ್ಕಳಿದ್ರೆ ಮೇಲಿಡಿ.

ಕುಲ ಗೊತ್ತಾದ್ರೂ ಲಾಭ ಇದೆ ಬಿಡಿ, ಎಚಿವೇರಿಯಾಗೆ (ಗುಲಾಬಿ ಹೂ ಥರ ಎಲೆ ಸುತ್ತಿರೋ ಸಕ್ಯುಲೆಂಟ್) ಒಳ್ಳೆ ಬಿಸಿಲು ಬೇಕು, ಹಾವರ್ತಿಯಾನ ಮಟಮಟ ಮಧ್ಯಾಹ್ನದ ಬಿಸಿಲಿಗಿಟ್ರೆ ಕೆಂಪಗಾಗುತ್ತೆ. ಪ್ರೀಮಿಯಂಗೆ ದುಡ್ಡು ಹಾಕ್ಬೇಡಿ, ಅದ್ರ ರೋಗ ಪತ್ತೆ ಫೀಚರ್ ಏನು ತೋರಿಸಿದ್ರೂ ನೀರು ಜಾಸ್ತಿ ಆಯ್ತು ಅನ್ನುತ್ತೆ, ಆ ದುಡ್ಡಿಗೆ ನೀರು ಬೇಗ ಬಸಿಯೋಕೆ ಮಣ್ಣಿಗೆ ಬೆರೆಸೋ ಹಗುರ ಬಿಳಿ ಕಾಳು, ಪರ್ಲೈಟ್, ಒಂದು ಚೀಲ ತಗೊಳ್ಳಿ.